ಗ್ಲಾಡಿಸ್‌ಗಳಿಗೆ ಮಾತ್ರ

ಕಳೆದ ಗುರುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಶಿರ್ವದಿಂದ ಮೆಸೇಜು ಬಂತು. ದುಬೈಯಲ್ಲಿ ನಾನು ಹಿಂದೆ ಬಾಡಿಗೆಗಿದ್ದ ಫ್ಲಾಟಿನ ಬಾಯಮ್ಮನ ತಮ್ಮನ ಮಗ ಕಳಿಸಿದ್ದು. ಮೇಲೆ ಬಾಯಮ್ಮನ ಫೋಟೊ, ಅದರ ಕೆಳಗೆ ಅವರ ಪೂರ್ತಿ ಹೆಸರು, ಅದರ ಕೆಳಗೆ ಇಗರ್ಜಿಯಲ್ಲಿ ಮಣ್ಣು ಮಾಡುವ ಹೊತ್ತು. ನಿದ್ದೆಯಲ್ಲೇ ಹೋದರಂತೆ. ನಾನು ಒಲೆ ಆರಿಸಿ ಅಲ್ಲೇ ನಿಂತು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಆ ಮೆಸೇಜಿನಲ್ಲಿದ್ದ ಹೆಸರನ್ನು ಬಿಟ್ಟು, ನಮ್ಮ ಹಳೆಯ ಫ್ಲಾಟಿನವರ ಗ್ರೂಪಿಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದೆ: ‘ಗ್ಲಾಡಿಸ್ ತೀರಿಕೊಂಡಳು.’

ಕಳಿಸಿದ ಮೇಲೆ ಎಡವಟ್ಟು ಗೊತ್ತಾಯಿತು. ಆ ಗ್ರೂಪಿನಲ್ಲಿ ಇರುವವರೆಲ್ಲ ಗ್ಲಾಡಿಸ್‌ಗಳೇ. ಕೀನ್ಯಾದ ಗ್ಲಾಡಿಸ್ ತಕ್ಷಣ ಉತ್ತರಿಸಿದಳು: ‘ನಾನು ಡ್ಯೂಟಿಯಲ್ಲಿದ್ದೇನೆ.’ ಫಿಲಿಪ್ಪೀನ್ಸಿನ ಗ್ಲಾಡಿಸ್ ಬದುಕಿರುವುದಕ್ಕೆ ಸಾಕ್ಷಿಯಾಗಿ ಒಂದು ಸೆಲ್ಫಿ ಕಳಿಸಿದಳು. ಹಿಂದೆ ಅವಳ ಸಲೂನಿನ ಗಿರಾಕಿಯೊಬ್ಬಳು ತಲೆಗೆ ಫಾಯಿಲ್ ಸುತ್ತಿಕೊಂಡು ಕೂತಿದ್ದಳು. ವೇಲ್ಸಿನ ಗ್ಲಾಡಿಸ್ ವಯಸ್ಸಾದವರು, ಒಂದೊಂದೇ ಅಕ್ಷರ ಒತ್ತುವವರು. ಅವರ ಉತ್ತರ ಬರುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ‘ಮಂಡಿನೋವು ಬಿಟ್ಟರೆ ನನಗೇನೂ ಆಗಿಲ್ಲ, ನಿನಗೆ ಯಾರು ಹೇಳಿದರು?’ ಎಂದು ಬಂತು. ಹೀಗೆ ಮೂವರೂ ಬದುಕಿರುವುದು ಖಾತ್ರಿಯಾದ ಮೇಲೆ ಉಳಿದವರು ಯಾರು ಎಂದು ಎಲ್ಲರಿಗೂ ಹೊಳೆಯಿತು. ಹಿಂದಿನಿಂದ ಫೋನಿಗೆ ಇಣುಕಿದ ಮಗಳು ಕೇಳಿದಳು, ‘ವಿಚ್ ಗ್ಲಾಡಿಸ್, ಅಮ್ಮಾ?’

ಅಬುಧಾಬಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇದನ್ನು ದೋಸೆ ತಿಂದು ಮುಗಿಸುವಷ್ಟರಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ರೂಪಿಗೆ ಬರೆಯದೆ ಬಿಟ್ಟ ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ನಮ್ಮ ಕಡೆ ತುಳುವರು ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಬಾಯಮ್ಮ ಎನ್ನುತ್ತಾರೆ. ನಾನು ಅವರನ್ನು ಹಾಗೆಯೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಇರಲಿ.

ನಾನು ಅವರ ಬಾಗಿಲು ತಟ್ಟಿದ್ದು ನನ್ನ ಮದುವೆಗೆ ಮುಂಚೆ. ದುಬೈಯ ರಾಸ್ ಅಲ್ ಖೋರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಫೋನು ಎತ್ತುವ, ಬಿಲ್ಲು ಮಾಡುವ ಕೆಲಸ ನನ್ನದು. ದೇರಾದಲ್ಲಿ ದೊಡ್ಡಪ್ಪನ ಮಗನ ಮನೆಯ ಹಾಲಿನ ಸೋಫಾದ ಮೇಲೆ ಮಲಗುತ್ತಿದ್ದೆ. ಅತ್ತಿಗೆಯ ತಾಯಿ ಊರಿನಿಂದ ಬರುವವರಿದ್ದರು, ಅವರಿಗೆ ಸೋಫಾ ಬೇಕಿತ್ತು. ಬೇರೆ ಜಾಗ ಸಿಗದಿದ್ದರೆ ಊರಿಗೆ ಹೋಗಿ ಸ್ವಲ್ಪ ದಿನ ಇದ್ದು ಬರಬಹುದಲ್ಲ ಎಂದು ಅಣ್ಣ ನಯವಾಗಿ ಹೇಳಿದ್ದ. ಹೋದರೆ ಮತ್ತೆ ಬರುವುದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಆಗ ನಮ್ಮ ಅಂಗಡಿಗೆ ಬರುತ್ತಿದ್ದ ಕಾರ್ಕಳದ ಡ್ರೈವರೊಬ್ಬ, ‘ಮುರಕ್ಕಬಾತಿನಲ್ಲಿ ಊರಿನ ಒಂದು ಬಾಯಮ್ಮ ಇದ್ದಾರೆ, ಲೇಡೀಸಿಗೆ ಬಾಡಿಗೆಗೆ ಬೆಡ್ ಸ್ಪೇಸ್ ಕೊಡ್ತಾರೆ, ಒಂದು ಹಾಸಿಗೆಯ ಜಾಗ. ಆದ್ರೆ ಸ್ವಲ್ಪ ಒಂದು ಥರ’ ಎಂದ. ಒಂದು ಥರ ಎಂದರೆ ಯಾವ ಥರ ಎಂದು ಕೇಳಿದೆ. ‘ಹೋಗಿ ನೋಡಿ’ ಎಂದ.

ಹೋಗಿ ನೋಡಿದೆ. ಬಾಗಿಲು ತೆರೆದವರು ಗಿಡ್ಡಗೆ, ದಪ್ಪಗೆ, ಗಂಟುಮುಖದ ಹೆಂಗಸು. ಕೈಯಲ್ಲಿ ಅರ್ಧ ಮಡಿಸಿದ ಬೆಡ್‌ಶೀಟು.

‘ವಾಟ್ ಈಸ್ ಯುವರ್ ನೇಮ್?’

‘ಯಶೋದಾ.’

‘ಹಿಯರ್ ಓನ್ಲಿ ಗ್ಲಾಡಿಸ್’ ಎಂದು ಬಾಗಿಲು ಮುಚ್ಚಿದರು.

ಸುಡುಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ಬಂದವಳು ನಾನು. ಮುಚ್ಚಿದ ಬಾಗಿಲಿಗೆ ತುಳುವಿನಲ್ಲಿ ಬೈದೆ. ಏನು ಬೈದೆ ಎಂದು ಮಗಳು ಓದುವ ಬರಹದಲ್ಲಿ ಬರೆಯಲಾರೆ. ಬಾಗಿಲು ಮತ್ತೆ ತೆರೆಯಿತು.

‘ಇಲ್ಲ್ ಓಲು?’ ಎಂದರು. ಮನೆ ಎಲ್ಲಿ ಎಂದು.

‘ಕಟಪಾಡಿ.’

ಬೆಡ್‌ಶೀಟನ್ನು ಎದೆಗೆ ಒತ್ತಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಎಷ್ಟು ಸಮಯ ಆಯ್ತು ಯಾರಾದ್ರೂ ನನಗೆ ತುಳುವಿನಲ್ಲಿ ಬೈದು. ಒಳಗೆ ಬಾ’ ಎಂದರು. ಕಾಲಿಡುವ ಮುನ್ನವೇ ಷರತ್ತು ಹಾಕಿದರು. ‘ಆದ್ರೆ ರೂಲ್ ಅಂದ್ರೆ ರೂಲ್. ಈ ಹೊಸ್ತಿಲಿನ ಒಳಗೆ ನೀನು ಗ್ಲಾಡಿಸ್. ಹೊರಗೆ ಹೋದ್ಮೇಲೆ ಯಶೋದೆಯಾದ್ರೂ ಆಗು, ದೇವಕಿಯಾದ್ರೂ ಆಗು, ನನಗೆಂತದು?’

ಒಳಗೆ ಇಬ್ಬರು ಊಟ ಮಾಡುತ್ತಿದ್ದರು. ಬಾಯಮ್ಮ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿ ಹೇಳಿದರು, ‘ನ್ಯೂ ಗ್ಲಾಡಿಸ್. ಇಂಡಿಯನ್ ಮಾಡೆಲ್.’ ಇಬ್ಬರೂ ಎದ್ದುನಿಂತು ಕೈಕುಲುಕಿ ತಮ್ಮ ಹೆಸರು ಹೇಳಿದರು. ಯಾಕೆ ಹೇಳಿದರೋ ಗೊತ್ತಿಲ್ಲ.

ಆ ರೂಲು ಹುಟ್ಟಿದ ಕತೆಯನ್ನು ಬಾಯಮ್ಮ ಬಟ್ಟೆ ಮಡಿಸುತ್ತ ಹೇಳಿದರು. ಅವರ ಕೆಲಸ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಇಡೀ ದಿನ ಚಾದರ ಮಡಿಸಿ ಮನೆಗೆ ಬಂದು ಮತ್ತೆ ಸಿಕ್ಕಿದ್ದನ್ನೆಲ್ಲ ಮಡಿಸುತ್ತಿದ್ದರು. ಪ್ಲಾಸ್ಟಿಕ್ ಚೀಲ, ಬಿಸ್ಕತ್ತಿನ ಕಾಗದ, ನಾವು ಇನ್ನೂ ಓದದ ಪೇಪರು. ನಮ್ಮ ಹಾಸಿಗೆಯ ಚಾದರವನ್ನು ಆಸ್ಪತ್ರೆಯ ಹಾಗೆ ನಾಲ್ಕೂ ಮೂಲೆಯಲ್ಲಿ ಬಿಗಿದು ಸಿಕ್ಕಿಸುತ್ತಿದ್ದರು. ಹೊದಿಕೆಯೊಳಗೆ ಕಾಲು ತೂರಿಸಬೇಕಾದರೆ ದಿನಾ ಒಂದು ಕುಸ್ತಿಯಾಗುತ್ತಿತ್ತು.

‘ಹೊರಗೆ ಕಂಬಕ್ಕೆ ಬೆಡ್ ಸ್ಪೇಸ್ ಅಂತ ಚೀಟಿ ಅಂಟಿಸಿತ್ತು’ ಎಂದರು. ‘ಮೊದಲು ಬಂದವಳು ಫಿಲಿಪ್ಪೀನ್ಸಿನವಳು. ಹೆಸರು ಗ್ಲಾಡಿಸ್. ಆಮೇಲೆ ಬಂದವಳು ಈ ಕೀನ್ಯಾದವಳು. ಅವಳದ್ದೂ ಗ್ಲಾಡಿಸ್. ಇಬ್ಬರೂ ಚಿನ್ನದಂಥವರು. ಮೂರನೆಯವಳು ಮೇರಿ. ಒಂದು ತಿಂಗಳಿದ್ದು ನನ್ನ ರೈಸ್ ಕುಕ್ಕರ್ ಎತ್ತಿಕೊಂಡು ಹೋದ್ಲು. ಬಿಸಿ ಬಿಸಿ ಅನ್ನ ಇತ್ತು ಅದರಲ್ಲಿ. ಅವತ್ತೇ ಖಲಾಸ್. ಇನ್ನು ಗ್ಲಾಡಿಸ್‌ಗಳಿಗೆ ಮಾತ್ರ.’

‘ಅಲ್ಲ ಬಾಯಮ್ಮ, ಕುಕ್ಕರ್ ಹೋದದ್ದು ಹೆಸರಿನ ತಪ್ಪಾ? ಮಾತೆ ಮರಿಯಮ್ಮನ ಹೆಸರಲ್ವಾ ಅದು?’

ಅವರು ಶಿಲುಬೆಯ ಗುರುತು ಮಾಡಿಕೊಂಡರು. ‘ಮಾತೆಗೆ ನಾನು ಏನೂ ಹೇಳಲಿಲ್ಲ. ಕುಕ್ಕರ್ ಹೋದದ್ದು ನನ್ನದು.’

ದುಬೈಯ ಹಂಚಿಕೊಂಡ ಫ್ಲಾಟುಗಳಲ್ಲಿ ಇದ್ದವರಿಗೆ ಫ್ರಿಜ್ಜಿನ ನಿಯಮ ಗೊತ್ತಿರುತ್ತದೆ. ನಿಮ್ಮ ಡಬ್ಬಿಯ ಮೇಲೆ ಟೇಪು ಅಂಟಿಸಿ ನಿಮ್ಮ ಹೆಸರು ಬರೆಯಬೇಕು. ಬರೆಯದಿದ್ದರೆ ಅದು ಊರಿಗೆಲ್ಲ ಸೇರಿದ್ದು. ಬಾಯಮ್ಮ ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಪ್ರತಿ ಡಬ್ಬಿಗೂ ಟೇಪು, ಪ್ರತಿ ಟೇಪಿನ ಮೇಲೆ ಹೆಸರು. ಹೀಗಾಗಿ ನಮ್ಮ ಫ್ರಿಜ್ಜು ತೆರೆದರೆ ಮೇಲಿನ ತಟ್ಟೆಯಿಂದ ಕೆಳಗಿನ ತರಕಾರಿ ಪೆಟ್ಟಿಗೆಯವರೆಗೆ ಎಲ್ಲದರ ಮೇಲೂ ಗ್ಲಾಡಿಸ್ ಎಂದು ಬರೆದಿರುತ್ತಿತ್ತು. ಮೀನು ಗ್ಲಾಡಿಸ್, ಮೊಸರು ಗ್ಲಾಡಿಸ್, ಅರ್ಧ ತಿಂದ ಸೇಬು ಗ್ಲಾಡಿಸ್. ಕೀನ್ಯಾದವಳ ಜೋಳದ ಮುದ್ದೆ ಉಗಾಲಿಯನ್ನು ನಾನು ತಿಂದೆ, ನನ್ನ ಹುಳಿಯನ್ನು ಫಿಲಿಪ್ಪೀನ್ಸಿನವಳು ಸೂಪೆಂದು ಕುಡಿದಳು. ಜಗಳ ತೆಗೆಯೋಣವೆಂದರೆ ಟೇಪಿನ ಮೇಲೆ ಹೆಸರು ಸರಿಯಾಗಿಯೇ ಇರುತ್ತಿತ್ತು. ಪಾರ್ಸೆಲ್ಲಿನವನು ಬಂದು ಗ್ಲಾಡಿಸ್ ಎಂದು ಕೂಗಿದರೆ ಬಾಗಿಲ ಹತ್ತಿರ ಇದ್ದವಳು ಸಹಿ ಮಾಡುವುದು. ಒಮ್ಮೆ ಕೀನ್ಯಾದವಳು ತರಿಸಿದ ಉದ್ದ ಜಡೆಯ ವಿಗ್ಗನ್ನು ಬಾಯಮ್ಮ ಬಿಚ್ಚಿ, ಏನೆಂದು ತಿಳಿಯದೆ, ನೀಟಾಗಿ ಮಡಿಸಿ ಟವೆಲುಗಳ ನಡುವೆ ಇಟ್ಟಿದ್ದರು. ಸ್ನಾನ ಮಾಡಿ ಟವೆಲಿಗೆ ಕೈಹಾಕಿದ ನಾನು ಕಿರುಚಿದ್ದು ಕೆಳಗಿನ ಕೆಫೆಟೇರಿಯಾಕ್ಕೆ ಕೇಳಿತ್ತಂತೆ.

ವೇಲ್ಸಿನ ಗ್ಲಾಡಿಸ್ ನಮಗೆ ಸಿಕ್ಕಿದ್ದು ಸಲೂನಿನಲ್ಲಿ. ನಿವೃತ್ತ ಶಾಲಾ ಟೀಚರು, ಗಂಡ ಇಲ್ಲ, ಮಗನ ದೊಡ್ಡ ವಿಲ್ಲಾದಲ್ಲಿ ಇಡೀ ದಿನ ಒಂದು ನಾಯಿಯ ಜೊತೆ ಕೂತಿರುತ್ತಿದ್ದವರು. ಕೂದಲು ಕತ್ತರಿಸಿಕೊಳ್ಳುತ್ತ ಮಾತಿಗೆ ಹೆಸರು ಹೇಳಿದ್ದಾರೆ. ಫಿಲಿಪ್ಪೀನ್ಸಿನವಳು ಕತ್ತರಿಯನ್ನು ಅಲ್ಲೇ ಇಟ್ಟು, ತಪ್ಪಿಸಿಕೊಂಡು ಹೋದ ಕರುವನ್ನು ಹಿಡಿದ ಹಾಗೆ ಅವರ ಕೈ ಹಿಡಿದುಕೊಂಡಳಂತೆ. ಆಗ ರಜೆ ಶುಕ್ರವಾರ. ಆ ಶುಕ್ರವಾರವೇ ಮಧ್ಯಾಹ್ನದ ಊಟಕ್ಕೆ ಕರೆತಂದಳು. ಬಿಳಿಕೂದಲಿನ ಎತ್ತರದ ಹೆಂಗಸು ನಮ್ಮ ಫ್ರಿಜ್ಜು ತೆರೆದು ನೋಡಿ, ನಗು ತಡೆಯಲಾಗದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಎಲ್ಲ ಚೆನ್ನಾಗಿಯೇ ಇತ್ತು, ಇಡ್ಲಿಯಂಥ ಸಾನ್ನ ಮತ್ತು ಮೀನಿನ ಸಾರು ಬಡಿಸುವವರೆಗೆ. ಆಗ ಅವರು ಟೀಚರಿನ ಚಪಲಕ್ಕೆ ಒಂದು ಮಾತು ಹೇಳಿದರು. ಈ ಹೆಸರು ಇಂಗ್ಲಿಷಿನದಲ್ಲ, ತಮ್ಮ ವೇಲ್ಸಿನದು, ಬಹಳ ಹಳೆಯದು, ಹಿಂದೆ ಯಾವುದೋ ಕಾಲದಲ್ಲಿ ಅಲ್ಲಿ ಆ ಹೆಸರಿನ ರಾಣಿಯೊಬ್ಬಳು ಸಂತಳಾಗಿದ್ದಳು ಎಂದು.

ಬಾಯಮ್ಮ ಸೌಟು ಕೆಳಗಿಟ್ಟರು. ನನ್ನ ಕಡೆ ತಿರುಗಿ, ‘ಇವರು ಎಂತ ಹೇಳುದು? ಎಲ್ಲಿಯ ವೇಲ್ಸ್?’ ಎಂದರು. ‘ಇದು ನಮ್ಮ ಹೆಸರು. ಶಿರ್ವದ ಇಗರ್ಜಿಯ ಅಂಗಳದಲ್ಲಿ ಒಂದು ಕಲ್ಲು ಬಿಸಾಡಿದ್ರೆ ಎರಡು ಗ್ಲಾಡಿಸಿಗೆ ತಾಗ್ತದೆ. ಹೇಳು ಅವರಿಗೆ.’

ಹೇಳಿದೆ. ಅಷ್ಟರಲ್ಲಿ ಕೀನ್ಯಾದವಳಿಗೂ ಸಿಟ್ಟು ಬಂದಿತ್ತು. ಅದು ತನ್ನ ಅಜ್ಜಿಯ ಹೆಸರು, ಅಜ್ಜಿ ಕಿಸೀ ಬೆಟ್ಟದ ಹಳ್ಳಿ ಬಿಟ್ಟು ಹೊರಗೆ ಹೋದವಳೇ ಅಲ್ಲ, ಮತ್ತೆ ವೇಲ್ಸಿನಿಂದ ಹೇಗೆ ತಂದಾಳು ಎಂದು ವಾದ ಹೂಡಿದಳು. ಫಿಲಿಪ್ಪೀನ್ಸಿನವಳು ತನ್ನ ತರಗತಿಯಲ್ಲೇ ಮೂವರಿದ್ದರು, ಆದ್ದರಿಂದ ಹೆಸರು ಫಿಲಿಪ್ಪೀನ್ಸಿನದೇ ಎಂದಳು. ವೇಲ್ಸಿನವರು ಫೋನಿನಲ್ಲಿ ಭೂಪಟ ತೆಗೆದು ತಮ್ಮ ದೇಶ ತೋರಿಸಿದರು. ಬಾಯಮ್ಮ ಕನ್ನಡಕ ಏರಿಸಿ ನೋಡಿದರು. ‘ಇಷ್ಟು ಚಿಕ್ಕ ಜಾಗದಿಂದ ಲೋಕಕ್ಕೆಲ್ಲ ಸಾಕಾಗುವಷ್ಟು ಗ್ಲಾಡಿಸ್ ಬರ್ಲಿಕ್ಕೆ ಸಾಧ್ಯ ಉಂಟಾ? ಕೇಳು, ಈಗ ಇವರ ಊರಿನಲ್ಲಿ ಎಷ್ಟು ಮಕ್ಕಳಿಗೆ ಆ ಹೆಸರು ಉಂಟು?’

ಕೇಳಿದೆ. ಅವರು ಫೋನು ಕೆಳಗಿಟ್ಟರು. ‘ಈಗ ಯಾರೂ ಇಡುವುದಿಲ್ಲ. ಮುದುಕಿಯರ ಹೆಸರು ಅಂತಾರೆ. ನಮ್ಮ ಬೀದಿಯಲ್ಲಿ ಉಳಿದದ್ದು ನಾನೊಬ್ಬಳೇ. ಬೇರೆಯವರೆಲ್ಲ ಸ್ಮಶಾನದಲ್ಲಿದ್ದಾರೆ’ ಎಂದರು.

ಬಾಯಮ್ಮ ಅವರ ತಟ್ಟೆಗೆ ಇನ್ನೊಂದು ಸಾನ್ನ ಹಾಕಿ, ಮೇಲೆ ಮೀನಿನ ತಲೆಯನ್ನೇ ಬಡಿಸಿದರು. ನಮಗೆ ಯಾರಿಗೂ ಅದುವರೆಗೆ ತಲೆ ಸಿಕ್ಕಿರಲಿಲ್ಲ. ‘ಬೇಜಾರು ಮಾಡುದು ಬೇಡ ಅಂತ ಹೇಳು. ಅಲ್ಲಿ ಮುಗಿದ್ರೆ ನಾವು ಇಲ್ಲಿಂದ ಕಳಿಸಿಕೊಡುವ.’ ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆ ಹೆಂಗಸು ನಕ್ಕರೋ ಅತ್ತರೋ ನನಗೆ ಸರಿಯಾಗಿ ತಿಳಿಯಲಿಲ್ಲ. ಆಮೇಲೆ ಪ್ರತಿ ಶುಕ್ರವಾರ ಕೇಕು ಹಿಡಿದುಕೊಂಡು ಬಂದರು. ಆ ಕೇಕಿನ ಡಬ್ಬಿಗೂ ಬಾಯಮ್ಮ ಟೇಪು ಅಂಟಿಸಿ ಹೆಸರು ಬರೆಸುತ್ತಿದ್ದರು.

ಹೀಗೆ ಸುಖವಾಗಿ ಇರುವಾಗ ಬಿಲ್ಡಿಂಗಿನವರು ಕಾರ್ಡು ತಂದರು. ಇನ್ನು ಮುಂದೆ ಕೆಳಗಿನ ಗಾಜಿನ ಬಾಗಿಲು ಕಾರ್ಡಿಲ್ಲದೆ ತೆರೆಯುವುದಿಲ್ಲ. ಕಾರ್ಡಿನ ಮೇಲೆ ಫೋಟೊ, ಫೋಟೊದ ಕೆಳಗೆ ಐಡಿಯಲ್ಲಿ ಇರುವ ಹಾಗೆ ಹೆಸರು. ನಾವೆಲ್ಲ ಹೋಗಿ ತಂದೆವು. ಬಾಯಮ್ಮ ಹೋಗಲಿಲ್ಲ. ‘ನನ್ನ ಮುಖವೇ ಕಾರ್ಡು’ ಎಂದರು. ಗಾಜಿನ ಬಾಗಿಲಿಗೆ ಅದು ಗೊತ್ತಿರಲಿಲ್ಲ. ದಿನವೂ ಡ್ಯೂಟಿ ಮುಗಿಸಿ ಬಂದು, ಯಾರಾದರೂ ಕಾರ್ಡಿನವರು ಬರುವವರೆಗೆ ಹೊರಗೆ ನಿಂತು, ಅವರ ಹಿಂದೆಯೇ ನುಸುಳುತ್ತಿದ್ದರು.

ಒಂದು ಮಧ್ಯಾಹ್ನ ನಾನು ಬೇಗ ಬಂದೆ. ಆಗಸ್ಟ್ ತಿಂಗಳ ಬಿಸಿಲು, ಉಸಿರಾಡಿದರೆ ಮೂಗು ಸುಡುತ್ತಿತ್ತು. ಬಾಯಮ್ಮ ಕೆಫೆಟೇರಿಯಾದ ಮೆಟ್ಟಿಲ ಮೇಲೆ, ಎರಡು ಕಡೆ ಎರಡು ತರಕಾರಿ ಚೀಲ ಇಟ್ಟುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದರು. ನನಗೆ ಕೋಪ ಬಂತು. ‘ನಿಮಗೆ ತಲೆ ಸರಿ ಉಂಟಾ ಬಾಯಮ್ಮ? ಒಂದು ಕಾರ್ಡ್ ತರ್ಲಿಕ್ಕೆ ಎಂತ ರೋಗ? ಇಲ್ಲೇ ಬಿದ್ದು ಸತ್ರೆ ಯಾರು ಎತ್ತುದು?’ ಎಂದೆ. ಅವರು ತಿರುಗಿ ಬೈಯಲಿಲ್ಲ. ಬೈಯದೇ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು. ಎರಡು ಚಹಾ ತಂದು ಪಕ್ಕದಲ್ಲಿ ಕೂತೆ.

‘ಕಾರ್ಡಿನಲ್ಲಿ ಹೆಸರು ಬರ್ತದೆ’ ಎಂದರು.

‘ಬರಲಿ.’

‘ಆ ಹೆಸರು ಗ್ಲಾಡಿಸ್ ಅಲ್ಲ.’

ನಾನು ಚಹಾ ಕುಡಿಯುವುದು ಮರೆತೆ. ಬಾಯಮ್ಮ ತರಕಾರಿ ಚೀಲದ ಬಾಯಿಯನ್ನು ಮಡಿಸುತ್ತ, ಬಿಚ್ಚುತ್ತ ಹೇಳಿದರು. ಕಂಬಕ್ಕೆ ಆ ಚೀಟಿ ಅಂಟಿಸಿದವಳು ಇವರಿಗಿಂತ ಮೊದಲು ಆ ಫ್ಲಾಟಿನಲ್ಲಿದ್ದ ಹೆಂಗಸು. ಗ್ಲಾಡಿಸ್ ಅವಳ ಹೆಸರು. ಅವಳು ಕೆನಡಾಕ್ಕೆ ಹೋದ ಮೇಲೂ ಚೀಟಿ ಕಂಬದ ಮೇಲೆಯೇ ಉಳಿಯಿತು, ಮನೆಯ ಫೋನೂ ಮನೆಯಲ್ಲೇ ಉಳಿಯಿತು. ಯಾರೋ ಫೋನು ಮಾಡಿ ಗ್ಲಾಡಿಸಾ ಎಂದು ಕೇಳಿದರು. ಈ ಕತೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಬಾರದೆ ಇವರು ಯೆಸ್ ಎಂದರು.

‘ಆಮೇಲೆ ಆ ಹೆಣ್ಣು ಬಂತು, ಫಿಲಿಪ್ಪೀನ್ಸಿನದು. ಊರು ಬಿಟ್ಟು ಬಂದು ಒಂದು ವಾರ ಆಗಿತ್ತಷ್ಟೆ, ಅತ್ತು ಅತ್ತು ಕಣ್ಣು ಊದಿತ್ತು. ಬಾಗಿಲಲ್ಲಿ ನಿಂತು, ಯೂ ಗ್ಲಾಡಿಸ್? ಮೀ ಗ್ಲಾಡಿಸ್ ಅಂತ ಹೇಳಿ ನನ್ನನ್ನು ತಬ್ಬಿಕೊಂಡು ಮತ್ತೆ ಅಳ್ಲಿಕ್ಕೆ ಸುರು. ಅಷ್ಟು ಖುಷಿಯಾದವಳಿಗೆ, ನಾನಲ್ಲ, ಅವಳು ಕೆನಡಾಕ್ಕೆ ಹೋದ್ಲು ಅಂತ ಹೇಗೆ ಹೇಳುದು? ನಾಳೆ ಹೇಳುವ ಅಂತ ಇದ್ದೆ. ನಾಳೆ ಕೀನ್ಯಾದವಳು ಬಂದ್ಲು.’

‘ಈಗಾದ್ರೂ ಹೇಳಿ. ಅವರು ಎಂತ ಮಾಡ್ತಾರೆ?’

‘ಅವರು ಎಂತ ಮಾಡುದು? ರೂಲ್ ಮಾಡಿದ್ದು ನಾನು. ಆ ರೂಲ್ ಪ್ರಕಾರ ಮೊದಲು ಮನೆ ಬಿಡಬೇಕಾದವಳು ನಾನೇ.’ ತಮಾಷೆಗೆ ಹೇಳಿದ್ದಲ್ಲ. ‘ಮೇರಿ ಕುಕ್ಕರ್ ತಕೊಂಡು ಹೋದ್ಲು, ಇವಳು ಹೆಸರನ್ನೇ ತಕೊಂಡ್ಲು ಅಂತ ಹೇಳ್ತಾರೆ. ನನಗೆ ಮದುವೆ ಇಲ್ಲ, ಮಕ್ಕಳಿಲ್ಲ. ತಮ್ಮನಿಗೆ ಅವನ ಸಂಸಾರ. ನನಗೆ ಅಂತ ಇರುವುದು ಇವರು ಮಾತ್ರ. ಅವರೂ ಆ ಹೆಸರಿಗೆ ಸಿಕ್ಕಿದವರು, ನನಗಲ್ಲ.’

ಆಗ ನನಗೆ ಬಾಗಿಲು ಮುಚ್ಚಿ ಮತ್ತೆ ತೆರೆದ ಆ ದಿನ ನೆನಪಾಯಿತು. ‘ಮತ್ತೆ ನನ್ನನ್ನು ಯಾಕೆ ಒಳಗೆ ಬಿಟ್ರಿ?’

‘ನನಗೂ ಒಂದು ಜೊತೆ ಬೇಡ್ವಾ?’ ಎಂದರು. ಆಮೇಲೆ ಎಂದಿನ ಗಂಟುಮುಖ ಮಾಡಿಕೊಂಡು, ‘ಯಾರಿಗಾದ್ರೂ ಹೇಳಿದ್ರೆ ನಿನ್ನ ಹಾಸಿಗೆ ಖಲಾಸ್’ ಎಂದು ಚೀಲ ಎತ್ತಿಕೊಂಡರು. ಅಂದಿನಿಂದ ಅವರು ಬರುವ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಕೆಳಗಿಳಿದು ಗಾಜಿನ ಬಾಗಿಲು ತೆರೆಯುವುದು ನನ್ನ ಕೆಲಸವಾಯಿತು. ನನಗೆ ಪುರುಸೊತ್ತಿಲ್ಲದ ದಿನ ವಿಚಿತ್ರವೆಂಬಂತೆ ಕೀನ್ಯಾದವಳೋ ಫಿಲಿಪ್ಪೀನ್ಸಿನವಳೋ ಅದೇ ಹೊತ್ತಿಗೆ ಕೆಳಗೆ ಗಾಳಿಗೆ ನಿಂತಿರುತ್ತಿದ್ದರು. ಆ ಸೆಕೆಯಲ್ಲಿ ಎಂಥ ಗಾಳಿ ಎಂದು ನಾನು ಯೋಚಿಸಲಿಲ್ಲ.

ಬಾಯಮ್ಮನಿಗೆ ವಯಸ್ಸಾಗಿತ್ತು, ಆಸ್ಪತ್ರೆಯವರು ವೀಸಾ ಮುಂದುವರಿಸಲಿಲ್ಲ. ಫ್ಲಾಟನ್ನು ಫಿಲಿಪ್ಪೀನ್ಸಿನವಳು ವಹಿಸಿಕೊಂಡಳು. ರೂಲಿನ ಸಮೇತ ವಹಿಸಿಕೊಳ್ಳಬೇಕೆಂದು ಬಾಯಮ್ಮ ಅವಳಿಂದ ಮಾತು ತೆಗೆದುಕೊಂಡರು. ಹೊರಡುವ ದಿನ ಏರ್‌ಪೋರ್ಟಿಗೆ ಎಲ್ಲರೂ ಬರುತ್ತೇವೆ ಎಂದಾಗ ಬಾಯಮ್ಮನ ಮುಖ ಕಪ್ಪಿಟ್ಟಿತು. ಬೇಡ, ಟ್ಯಾಕ್ಸಿ ಸಾಕು, ಒಬ್ಬಳೇ ಹೋಗುತ್ತೇನೆ ಎಂದು ಹಠ ಹಿಡಿದರು. ಯಾಕೆಂದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಪಾಸ್‌ಪೋರ್ಟು ತೆಗೆಯಬೇಕಲ್ಲ. ಇಷ್ಟು ವರ್ಷ ಉಳಿಸಿಕೊಂಡು ಬಂದದ್ದು ಕೊನೆಯ ಗಳಿಗೆಯಲ್ಲಿ ಅವರೆಲ್ಲರ ಎದುರು ಬಯಲಾದರೆ, ಅದನ್ನೇ ಹೊತ್ತುಕೊಂಡು ಊರಿಗೆ ಹೋಗಬೇಕು.

ಯಾರೂ ಕೇಳಲಿಲ್ಲ. ಕೀನ್ಯಾದವಳು ಒಂದು ಮಾಲಿನಲ್ಲಿ ಸೆಕ್ಯುರಿಟಿ ಗಾರ್ಡು. ಡ್ಯೂಟಿಯಿಂದ ನೇರವಾಗಿ ಯೂನಿಫಾರ್ಮಿನಲ್ಲೇ ಬಂದವಳು, ಒಳಗೆ ಬಿಡುವ ಬಾಗಿಲಲ್ಲಿ ನಿಂತವನಿಗೆ ಗಂಭೀರವಾಗಿ ಸಲಾಂ ಹೊಡೆದು, ‘ಇವರೆಲ್ಲ ನನ್ನ ಜೊತೆ’ ಎಂದಳು. ಅವನೂ ಸಲಾಂ ಹೊಡೆದು ನಮ್ಮೆಲ್ಲರನ್ನೂ ಬಿಟ್ಟ. ಬಾಯಮ್ಮ ಕೌಂಟರಿನಲ್ಲಿ ಪಾಸ್‌ಪೋರ್ಟನ್ನು ಮುಚ್ಚಿದ ಮುಷ್ಟಿಯೊಳಗಿಂದ ಜಾರಿಸಿ ಕೊಟ್ಟು, ಮೈಯನ್ನೇ ಅಡ್ಡ ನಿಲ್ಲಿಸಿದರು. ಕೌಂಟರಿನ ಹುಡುಗಿ ತೂಕ ನೋಡಿದಳು. ಪಾಸ್‌ಪೋರ್ಟು ನೋಡಿದಳು. ಸುತ್ತಲಿನವರಿಗೆಲ್ಲ ಕೇಳುವ ಹಾಗೆ, ಬಾಯಮ್ಮನನ್ನು ಪೂರ್ತಿ ಹೆಸರಿನಿಂದ ಕರೆದು, ನಿಮ್ಮ ಬ್ಯಾಗು ಭಾರ ಹೆಚ್ಚಾಗಿದೆ ಎಂದಳು.

ಬಾಯಮ್ಮ ಕಣ್ಣು ಮುಚ್ಚಿಕೊಂಡರು. ನಾನು ಹಿಂದೆ ತಿರುಗಿ ನೋಡಿದೆ. ಕೀನ್ಯಾದವಳು ಇದ್ದಕ್ಕಿದ್ದ ಹಾಗೆ ಕೆಮ್ಮಲು ಶುರುಮಾಡಿದ್ದಳು, ಕ್ಷಯರೋಗಿಯ ಕೆಮ್ಮು. ಫಿಲಿಪ್ಪೀನ್ಸಿನವಳ ಕೈಯಿಂದ ಖರ್ಜೂರದ ಪೆಟ್ಟಿಗೆ ಜಾರಿ ನೆಲದ ತುಂಬ ಹರಡಿತು. ಹುಡುಗಿ ಇನ್ನೂ ಗಟ್ಟಿಯಾಗಿ ಹೆಸರು ಕೂಗಿದಳು. ವೇಲ್ಸಿನವರು ಮಂಡಿನೋವಿನ ಕಾಲನ್ನು ಗಟ್ಟಿಯಾಗಿ ಊರಿ ನಿಂತು ತಮ್ಮ ಭಾಷೆಯ ಯಾವುದೋ ಭಜನೆಯನ್ನು ಎತ್ತರದ ಸ್ವರದಲ್ಲಿ ಹಾಡತೊಡಗಿದರು. ಸಾಲಿನಲ್ಲಿದ್ದ ಒಂದು ಮಗು ಚಪ್ಪಾಳೆ ತಟ್ಟಿತು. ಕೌಂಟರಿನ ಹುಡುಗಿ ಮೂರನೇ ಸಲ ಹೆಸರು ಕೂಗಲು ಬಾಯಿ ತೆರೆದಾಗ ಕೀನ್ಯಾದವಳು ಕೆಮ್ಮು ನಿಲ್ಲಿಸಿ ಮುಂದೆ ಬಂದು, ಮಾಲಿನಲ್ಲಿ ಪುಂಡರನ್ನು ಹೊರಗೆ ಹಾಕುವ ದನಿಯಲ್ಲಿ ಹೇಳಿದಳು, ‘ಮೇಡಂ, ಇಲ್ಲಿ ಹೆಸರು ಕೂಗುವ ಹಾಗಿಲ್ಲ.’ ಯೂನಿಫಾರ್ಮು ನೋಡಿದ ಹುಡುಗಿ ಸಾರಿ ಎಂದು, ಭಾರದ ಮಾತನ್ನೂ ಬಿಟ್ಟು, ಬೋರ್ಡಿಂಗ್ ಪಾಸನ್ನು ಮೆಲ್ಲಗೆ ಮುಂದೆ ಸರಿಸಿದಳು.

ಬಾಯಮ್ಮ ಒಬ್ಬೊಬ್ಬರನ್ನೇ ತಬ್ಬಿಕೊಂಡರು. ಅವರೆಲ್ಲ ಗ್ಲಾಡಿಸ್, ಗ್ಲಾಡಿಸ್ ಎಂದು ಅತ್ತರು. ಒಳಗೆ ಹೋಗುವ ಮುಂಚೆ ತಿರುಗಿ, ‘ಡಬ್ಬಿಗೆ ಹೆಸರು ಬರೆಯುದು ಮರೀಬೇಡಿ’ ಎಂದು ಕನ್ನಡದಲ್ಲೇ ಹೇಳಿದರು. ಎಲ್ಲರಿಗೂ ಅರ್ಥವಾಯಿತು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನಾನೇ ಕೇಳಿದೆ, ‘ನಿಮಗೆ ಯಾವಾಗಿನಿಂದ ಗೊತ್ತು?’

‘ಐಡಿ ನೋಡುವುದೇ ನನ್ನ ಕೆಲಸ’ ಎಂದಳು ಕೀನ್ಯಾದವಳು. ‘ಬಂದ ವಾರವೇ ಅವರ ಪರ್ಸು ಬಿದ್ದಾಗ ಎತ್ತಿಕೊಟ್ಟಿದ್ದೆ.’ ಫಿಲಿಪ್ಪೀನ್ಸಿನವಳಿಗೆ ಮಾತ್ರೆಯ ಪೊಟ್ಟಣದ ಮೇಲಿನ ಹೆಸರಿನಿಂದ ಗೊತ್ತಾಗಿತ್ತು. ವೇಲ್ಸಿನವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, ‘ನಾನು ಇಡೀ ಜೀವನ ಮಕ್ಕಳ ಹೆಸರು ಕೂಗಿದವಳು. ಹಿಂದಿನಿಂದ ಗ್ಲಾಡಿಸ್ ಎಂದು ಕರೆದರೆ ನಾವೆಲ್ಲ ತಿರುಗುತ್ತಿದ್ದೆವು. ಅವಳೊಬ್ಬಳು ಯಾವತ್ತೂ ತಿರುಗುತ್ತಿರಲಿಲ್ಲ.’

‘ಮತ್ತೆ ಯಾಕೆ ಯಾರೂ ಹೇಳಲಿಲ್ಲ?’

ಫಿಲಿಪ್ಪೀನ್ಸಿನವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. ‘ಹೇಳಿದ್ದರೆ ಅವರು ಮನೆ ಬಿಟ್ಟು ಹೋಗುತ್ತಿದ್ದರು. ರೂಲ್ ಅಂದ್ರೆ ರೂಲ್.’

ಅವರು ಶಿರ್ವಕ್ಕೆ ಹೋದ ಮೇಲೆ ನಾನು ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ. ತುಳುವಿನಲ್ಲಿ ಹೊಟ್ಟೆ ತುಂಬ ಬೈಸಿಕೊಳ್ಳುತ್ತಿದ್ದೆ. ಏರ್‌ಪೋರ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ಭಾನುವಾರ ದುಬೈಯಲ್ಲಿ ಅವರ ಆತ್ಮಕ್ಕೆ ಒಂದು ಪೂಜೆ ಹೇಳಿಸೋಣವೆಂದು ಎಲ್ಲರೂ ಸೇರಿದೆವು. ನಾನು ಅಬುಧಾಬಿಯಿಂದ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಇಗರ್ಜಿಯ ಕಚೇರಿಯಲ್ಲಿ ಗುಮಾಸ್ತ ಪೆನ್ನು ಹಿಡಿದು ಕೇಳಿದ, ‘ತೀರಿಕೊಂಡವರ ಹೆಸರು?’

ಮೂವರೂ ನನ್ನ ಮುಖ ನೋಡಿದರು. ಅಡುಗೆಮನೆಯಲ್ಲಿ ನಿಂತು ಗ್ರೂಪಿಗೆ ಬರೆಯುವುದು ಬೇರೆ. ಇದು ಅವರ ದೇವರ ಎದುರು ಗಟ್ಟಿಯಾಗಿ ಓದುವ ಹೆಸರು. ಅಲ್ಲಿಯೂ ಅದೇ ನಡೆಯುತ್ತದೆಯೋ ಇಲ್ಲವೋ ಕಟಪಾಡಿಯ ನನಗೆ ಹೇಗೆ ಗೊತ್ತಾಗಬೇಕು? ‘ನೀನೇ ಹೇಳು, ನೀನು ಅವರ ಊರಿನವಳು’ ಎಂದಳು ಕೀನ್ಯಾದವಳು ಮೆಲ್ಲಗೆ.

ಆಗ ಹೋದ ವರ್ಷ ಮಾತೆ ಮರಿಯಮ್ಮನ ಮೊಂತಿ ಹಬ್ಬದ ಮರುದಿನ ಬಾಯಮ್ಮ ತಾವಾಗಿಯೇ ಫೋನು ಮಾಡಿದ್ದು ನೆನಪಾಯಿತು. ಹಲೋ ಕೂಡ ಹೇಳದೆ ಶುರುಮಾಡಿದ್ದರು. ‘ನಿನ್ನೆ ಒಂದು ಮರ್ಲು ಆಯ್ತು ಮಾರಾಯ್ತಿ, ಹುಚ್ಚೇ ಸರಿ. ಪೂಜೆ ಮುಗಿಸಿ ಬರುವಾಗ ಇಗರ್ಜಿಯ ಅಂಗಳದಲ್ಲಿ ಹಿಂದಿನಿಂದ ಯಾರೋ ಗ್ಲಾಡಿಸ್ ಅಂತ ಕರೆದ್ರು. ಐದಾರು ಜನ ತಿರುಗಿದ್ರು. ಅದರಲ್ಲಿ ನಾನೂ ಒಂದು.’

‘ಗ್ಲಾಡಿಸ್’ ಎಂದೆ ಗುಮಾಸ್ತನಿಗೆ.

ಅವನು ಬರೆದುಕೊಂಡು, ಪೂಜೆ ಹೇಳಿಸುವವರು ಯಾರು ಎಂದು ಕೇಳಿದ. ಮೂವರೂ ಒಬ್ಬರಾದ ಮೇಲೊಬ್ಬರು ಹೆಸರು ಹೇಳಿದರು. ಅವನು ಪೆನ್ನು ನಿಲ್ಲಿಸಿ ಒಂದೊಂದೇ ಮುಖ ನೋಡಿದ. ಕರಿಯ ಮುಖ, ಬಿಳಿಯ ಮುಖ, ಚಪ್ಪಟೆ ಮೂಗಿನ ಮುಖ. ಕೊನೆಗೆ ಹಣೆಗೆ ಬೊಟ್ಟಿಟ್ಟುಕೊಂಡು ಮಗಳ ಕೈ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, ‘ನಿಮ್ಮದು?’ ಎಂದ.

ನನ್ನದೂ ಅದೇ ಎಂದೆ.